ತಗಡಿನ ನಿರಿಗೆ

ಮಳೆಗಾಲ ಹಿಡಿಯಿತೆಂದರೆ ಮುಂಬ್ರಾದ ಪಾರ್ಸಿಕ್ ಗುಡ್ಡದ ಮೈಮೇಲೆ ಅಲ್ಲಲ್ಲಿ ಬಿಳಿ ನೀರಿನ ಗೆರೆಗಳು ಇಳಿಯುತ್ತವೆ. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತವರು ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾರೆ. ಎರಡು ವರ್ಷದ ಹಿಂದೆ ಅಂಥದೊಂದು ಜುಲೈ ರಾತ್ರಿ, ಹನ್ನೊಂದೂವರೆ ಸುಮಾರಿಗೆ, ನಮ್ಮ ಸೊಸೈಟಿಯ ಕೆಳಗೆ ದೊಡ್ಡ ಡಬ್ಬ ಬಿದ್ದಂಥ ಸದ್ದಾಯಿತು. ನಾಲ್ಕೂ ಕಟ್ಟಡಗಳ ದೀಪ ಒಮ್ಮೆಗೇ ಆರಿದವು.

ನಮ್ಮದು 11 ಸಾವಿರ ವೋಲ್ಟಿನ ಒಂದೇ ಸಂಪರ್ಕ ಪಡೆದು, ಸೊಸೈಟಿಯದೇ ಆದ 500 ಕೆವಿಎ ಟ್ರಾನ್ಸ್‌ಫಾರ್ಮರಿನಿಂದ ಮನೆಮನೆಗೆ ಹಂಚಿಕೊಳ್ಳುವ ಏರ್ಪಾಡು. ಅದು ಕೆಟ್ಟರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ಬಾಡಿಗೆಯ ಟ್ರಾನ್ಸ್‌ಫಾರ್ಮರ್ ಬಂದು ದೀಪ ಹತ್ತುವ ಹೊತ್ತಿಗೆ 28 ಗಂಟೆ ಕಳೆದಿತ್ತು. ಐದನೇ ಮಹಡಿಯಲ್ಲಿ ಆಕ್ಸಿಜನ್ ಯಂತ್ರ ಹಚ್ಚಿಕೊಂಡೇ ಮಲಗುವ ಅಜ್ಜಿಯೊಬ್ಬರಿದ್ದರು. ಅವರ ಮನೆಯ ಇನ್ವರ್ಟರ್ ಎರಡು ಗಂಟೆ ತಡೆಯಿತು. ಆಮೇಲೆ ನಾವು ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೊಬೈಲ್ ಬೆಳಕಿನಲ್ಲಿ, ಒದ್ದೆ ಮೆಟ್ಟಿಲಿಳಿಸಿ ಆಸ್ಪತ್ರೆಗೆ ಸಾಗಿಸಿದೆವು. ಒಂದು ವಾರದ ನಂತರ ಅವರು ಚೇತರಿಸಿಕೊಂಡು ಮನೆಗೆ ಬಂದರು ಎಂಬುದೊಂದೇ ಸಮಾಧಾನ.

ರಿಪೇರಿಯವರು ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಿ ಎಣ್ಣೆಗೆ ನೀರು ಸೇರಿದೆ ಎಂದರು. ಎರಡೂವರೆ ಮಿಲಿಮೀಟರ್ ಅಂತರದಲ್ಲಿಟ್ಟ ಎರಡು ಲೋಹದ ಗುಂಡುಗಳ ನಡುವೆ ಕನಿಷ್ಠ 30 ಸಾವಿರ ವೋಲ್ಟ್ ತಡೆಯಬೇಕಾದ ಎಣ್ಣೆ ಅದರ ಅರ್ಧಕ್ಕೇ ಸಿಡಿಯುತ್ತಿತ್ತು. ನೀರು ಎಲ್ಲಿಂದ ಬಂತು ಎಂದು ಅವರು ಹೇಳಬೇಕಾಗಿರಲಿಲ್ಲ. ಟ್ಯಾಂಕಿನ ಪಕ್ಕದಲ್ಲಿ ನೇತಾಡುವ ಗಾಜಿನ ಬ್ರೀದರಿನಲ್ಲಿ ನೀಲಿ ಇರಬೇಕಾದ ಸಿಲಿಕಾ ಜೆಲ್ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನಾನು ಮೇ ತಿಂಗಳಲ್ಲೇ ನೋಡಿದ್ದೆ. ಕಮಿಟಿಯ ಸದಸ್ಯನಾಗಿ "ಮುಂದಿನ ಮೀಟಿಂಗಿನಲ್ಲಿ ನೋಡೋಣ" ಎಂದಿದ್ದೆ. ಆ ಮೀಟಿಂಗು ನಡೆಯುವ ಮೊದಲೇ ಮಳೆ ಬಂತು.

ಮೂರು ಕೊಟೇಶನ್ ಬಂದವು. ಹಳೆಯದನ್ನೇ ಮರುಸುತ್ತಿಸಿ ಕೊಡುವುದು ಒಂದು. ರೇಡಿಯೇಟರ್ ಮತ್ತು ಮೇಲೊಂದು ಎಣ್ಣೆಯ ಡ್ರಮ್ಮು ಇರುವ ಹೊಸದು ಇನ್ನೊಂದು. ಮೂರನೆಯದು 'ಕಾರುಗೇಟೆಡ್ ಟ್ಯಾಂಕ್, ಹರ್ಮೆಟಿಕಲಿ ಸೀಲ್ಡ್', ಅಂದರೆ ನಿರಿಗೆ ತಗಡಿನ, ಪೂರ್ತಿ ಮುಚ್ಚಿದ ಟ್ಯಾಂಕ್. "ನೀವು ಎಂಟೆಕ್ ಅಲ್ಲವಾ, ನೀವೇ ಹೇಳಿ" ಎಂದು ಕಮಿಟಿಯವರು ಕಾಗದಗಳನ್ನು ನನ್ನ ಕೈಗಿಟ್ಟರು. ಇಪ್ಪತ್ತು ವರ್ಷದಿಂದ ಐರೋಲಿಯ ಐಟಿ ಕಚೇರಿಯಲ್ಲಿ ಎಕ್ಸೆಲ್ ಶೀಟು, ಡೆಡ್‌ಲೈನುಗಳ ಮಧ್ಯೆ ಇರುವವನು ನಾನು. ಎಲೆಕ್ಟ್ರಿಕಲ್ ಓದಿದ್ದು ಯಾವ ಜನ್ಮದಲ್ಲೋ ಎನ್ನುವಂತಾಗಿದೆ. ಮೂರರಲ್ಲಿ ಒಂದನ್ನು ಆರಿಸಬೇಕಾದರೆ ಈ ಮೂರೂ ಯಾಕೆ ಹುಟ್ಟಿದವು ಎಂದು ತಿಳಿಯಬೇಕು ಅನ್ನಿಸಿತು. ಹೀಗೆ ಶುರುವಾದ ಓದು ಈ ಲೇಖನ.

ತಗಡಿಗೆ ನಿರಿಗೆ ಹಿಡಿಯುವ ವಿದ್ಯೆ ಟ್ರಾನ್ಸ್‌ಫಾರ್ಮರಿಗಿಂತ ಹಳೆಯದು. ಲಂಡನ್ನಿನ ಬಂದರು ಕಟ್ಟುವ ಕೆಲಸದಲ್ಲಿದ್ದ ಹೆನ್ರಿ ರಾಬಿನ್ಸನ್ ಪಾಮರ್ ಎಂಬ ಎಂಜಿನಿಯರ್ 1829ರಲ್ಲಿ ಅಲೆಯಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. ಒಂದು ಚಪ್ಪಟೆ ಕಾಗದವನ್ನು ತುದಿಯಲ್ಲಿ ಹಿಡಿದರೆ ಬಾಗುತ್ತದೆ. ಅದನ್ನೇ ನಿರಿಗೆ ಮಾಡಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಪಾಮರ್ ಬಳಸಿಕೊಂಡದ್ದು ಇದನ್ನೇ. ತೆಳ್ಳಗಿನ ತಗಡು ತೊಲೆಗಳ ನೆರವು ಹೆಚ್ಚಿಲ್ಲದೆ ದೊಡ್ಡ ಗೋದಾಮಿನ ಮಾಡಾಯಿತು. ನಾವು ಮುಂಬಯಿಯವರು ಪತ್ರಾ ಎನ್ನುವುದು ಅದರ ವಂಶದ್ದೇ. ಮುಂಬ್ರಾದ ಇಳಿಜಾರಿನ ಚಾಳುಗಳ ಮೇಲೆ ಮಳೆ ಬಿದ್ದಾಗ ಕೇಳುವ ಸದ್ದು ಆ ತಗಡಿನದು. ಅಲ್ಲಿ ನಿರಿಗೆಯ ಕೆಲಸ ಒಂದೇ: ಗಟ್ಟಿಯಾಗಿ ನಿಲ್ಲುವುದು.

ಇನ್ನು ಟ್ರಾನ್ಸ್‌ಫಾರ್ಮರಿನ ಕಡೆ ಬರೋಣ. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೋವ್‌ಸ್ಕಿ, ಡೇರಿ, ಬ್ಲಾಥಿ ಎಂಬ ಮೂವರು ಈಗಿನ ರೂಪದ ಟ್ರಾನ್ಸ್‌ಫಾರ್ಮರನ್ನು ಮಾಡಿದರು. ಅದಕ್ಕೆ ಟ್ಯಾಂಕೇ ಇರಲಿಲ್ಲ. ಕಬ್ಬಿಣದ ತಿರುಳು, ತಾಮ್ರದ ಸುರುಳಿ, ಸುತ್ತ ಬರೀ ಗಾಳಿ. ವೋಲ್ಟೇಜು ಏರುತ್ತ ಹೋದಂತೆ ಗಾಳಿ ಸಾಲದಾಯಿತು. 1891ರಲ್ಲಿ ಜರ್ಮನಿಯ ಲೌಫನ್ ಎಂಬ ಊರಿನ ನದಿಯಿಂದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ 175 ಕಿಲೋಮೀಟರ್ ದೂರ ಮೂರು ಫೇಸಿನ ವಿದ್ಯುತ್ತು ಹರಿಸಿದರು. ಎಇಜಿ ಕಂಪನಿಯ ದೊಲಿವೊ-ದೊಬ್ರೊವೋಲ್‌ಸ್ಕಿ ಮತ್ತು ಓರ್ಲಿಕಾನ್ ಕಂಪನಿಯ ಚಾರ್ಲ್ಸ್ ಬ್ರೌನ್ ಇದರ ಹಿಂದಿನ ಎಂಜಿನಿಯರುಗಳು. ಅಲ್ಲಿನ ಟ್ರಾನ್ಸ್‌ಫಾರ್ಮರುಗಳು ಎಣ್ಣೆಯಲ್ಲಿ ಮುಳುಗಿದ್ದವು. ಎಣ್ಣೆಗೆ ಎರಡು ಕೆಲಸ. ಸುರುಳಿಗೂ ಸುರುಳಿಗೂ ನಡುವೆ ಕಿಡಿ ಹಾರದಂತೆ ತಡೆಯುವುದು, ಸುರುಳಿಯ ಬಿಸಿಯನ್ನು ಹೊತ್ತು ಹೊರಗೋಡೆಗೆ ಮುಟ್ಟಿಸುವುದು. ಎಣ್ಣೆ ಬಂದ ಮೇಲೆ ಅದನ್ನು ಹಿಡಿದಿಡಲು ಪಾತ್ರೆ ಬೇಕಾಯಿತು. ಟ್ಯಾಂಕಿನ ಚರಿತ್ರೆ ಅಲ್ಲಿಂದ ಮುಂದಿನದು.

ಮೊದಮೊದಲು ಎರಕದ ಕಬ್ಬಿಣದ ಪೆಟ್ಟಿಗೆ ಸಾಕಾಗುತ್ತಿತ್ತು. ತೊಡಕು ಬಂದದ್ದು ಗಾತ್ರ ಬೆಳೆದಾಗ. ಟ್ರಾನ್ಸ್‌ಫಾರ್ಮರಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಒಳಗಿನ ಕಬ್ಬಿಣ, ತಾಮ್ರ ಎಂಟು ಪಟ್ಟಾಗುತ್ತದೆ. ಬಿಸಿಯೂ ಆ ಲೆಕ್ಕದಲ್ಲೇ ಬೆಳೆಯುತ್ತದೆ. ಹೊರಮೈ ಮಾತ್ರ ನಾಲ್ಕೇ ಪಟ್ಟು. ಮನೆಯಲ್ಲಿ ಎಂಟು ಜನ ಸೇರಿಕೊಂಡು ಕಿಟಕಿ ನಾಲ್ಕೇ ಇದ್ದಂತೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ಪಾಮರನ ತಗಡು. ಟ್ಯಾಂಕಿನ ಗೋಡೆಯನ್ನು ನಿರಿಗೆ ಮಾಡಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಹೊರಮೈ ಸಿಗುತ್ತದೆ. ನಿರಿಗೆಯ ತಗಡಿನ ಕೆಳತುದಿಯನ್ನು ಎರಕದ ಕಬ್ಬಿಣದ ಬುಡಕ್ಕೆ ಎರಕದ ಹೊತ್ತಿನಲ್ಲೇ ಸೇರಿಸಿಬಿಡುತ್ತಿದ್ದರು. ಆ ಕಾಲದ ಅಮೆರಿಕದ ಕ್ಯಾಟಲಾಗುಗಳ ಚಿತ್ರಗಳಲ್ಲಿ ಇಂಥ ಟ್ಯಾಂಕುಗಳು ನಿರಿಗೆ ಲಂಗ ತೊಟ್ಟ ಹುಡುಗಿಯರ ಹಾಗೆ ಕಾಣುತ್ತವೆ.

ಇಲ್ಲಿ ನಿರಿಗೆಗೆ ಎರಡನೆಯ ಕೆಲಸ ಸಿಕ್ಕಿತು: ಬಿಸಿ ಕಳೆಯುವುದು. ಆದರೆ ಈ ಕೆಲಸದಲ್ಲಿ ಅದು ಬಹುಕಾಲ ನಿಲ್ಲಲಿಲ್ಲ. ದೊಡ್ಡ ಟ್ಯಾಂಕಿನ ಎಣ್ಣೆಯ ಭಾರಕ್ಕೆ ತೆಳು ತಗಡು ಒಗ್ಗಲಿಲ್ಲ. ತಗಡೂ ಎರಕವೂ ಸೇರುವ ಸಂದಿಯಲ್ಲಿ ಎಣ್ಣೆ ಜಿನುಗುವ ಭಯ ಇದ್ದೇ ಇತ್ತು. ಒಳಗಿನ ತೇವ ತೆಗೆಯಲು ಟ್ಯಾಂಕಿನಿಂದ ಗಾಳಿ ಹೀರಿದರೆ ಮಡಿಕೆಗಳು ಒಳಗೆ ಕುಸಿಯುತ್ತಿದ್ದವು. ಅಷ್ಟರಲ್ಲಿ ಬೆಸುಗೆಯ ವಿದ್ಯೆ ಸುಧಾರಿಸಿತು. ದಪ್ಪ ತಗಡಿನ ಸಾದಾ ಟ್ಯಾಂಕಿನ ಮೈಗೆ ಕೊಳವೆಗಳನ್ನು ಬೆಸೆದು ಎಣ್ಣೆಯನ್ನು ಹೊರಗೆ ಸುತ್ತಿಸಿ ತಣಿಸುವ ಪದ್ಧತಿ ಬಂತು. ಕೊಳವೆಯ ನಂತರ ಬೋಲ್ಟು ಬಿಚ್ಚಿ ತೆಗೆಯಬಹುದಾದ ರೇಡಿಯೇಟರ್ ಬಂತು.

ಈ ಚರಿತ್ರೆಯಲ್ಲಿ ನಮ್ಮ ಕನ್ನಡನಾಡಿನ ಪಾಲು ಸಣ್ಣದಲ್ಲ. ಲೌಫನ್ ಪ್ರಯೋಗದ ಹನ್ನೊಂದನೇ ವರ್ಷಕ್ಕೆ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ಅಷ್ಟು ದೂರ ಕಳಿಸಬೇಕಾದರೆ ಈ ತುದಿಯಲ್ಲಿ ವೋಲ್ಟೇಜು ಏರಿಸಬೇಕು, ಆ ತುದಿಯಲ್ಲಿ ಇಳಿಸಬೇಕು. ಎರಡಕ್ಕೂ ಟ್ರಾನ್ಸ್‌ಫಾರ್ಮರೇ ಬೇಕು. ಆ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಹಡಗಿನಲ್ಲಿ ಬಂದವು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. 1930ರ ದಶಕದಲ್ಲಿ ಮೈಸೂರು ಸರಕಾರ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಫ್ಯಾಕ್ಟರಿ ಕಟ್ಟಿ ಟ್ರಾನ್ಸ್‌ಫಾರ್ಮರುಗಳನ್ನು ಇಲ್ಲೇ ಮಾಡಿಸತೊಡಗಿತು. ಈಗ 'ಕವಿಕ' ಎಂದು ನಾವು ಕರೆಯುವ ಕರ್ನಾಟಕ ವಿದ್ಯುತ್ ಕಾರ್ಖಾನೆ ಅದೇ. 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಹುಟ್ಟಿದಾಗ ಜೊತೆಗೂಡಿದ್ದು ಲೌಫನ್ ಪ್ರಯೋಗದ ಅದೇ ಎಇಜಿ. ಬೆಂಗಳೂರಿನ ಒಂದು ತಲೆಮಾರಿಗೆ ಎನ್‌ಜಿಇಎಫ್ ನೌಕರಿ ಎಂದರೆ ಮದುವೆಯ ಮಾತುಕತೆಯಲ್ಲಿ ತೂಕದ ಸಂಗತಿ. 2002ರಲ್ಲಿ ಅದು ಬಾಗಿಲು ಹಾಕಿತು.

ನಮ್ಮ ಈ ಠಾಣೆ ಸೀಮೆಯ ಕತೆಯೂ ಅಷ್ಟೇ ಹಳೆಯದು. ಟಾಟಾದವರ ಖೋಪೋಲಿಯ ಜಲವಿದ್ಯುತ್ತು ಮುಂಬಯಿಗೆ ಹರಿದದ್ದು 1915ರಲ್ಲಿ. ಮರುವರ್ಷ, 1916ರಲ್ಲಿ, ಕಳವಾಕ್ಕೂ ಮುಂಬ್ರಾಕ್ಕೂ ನಡುವಿನ ಗುಡ್ಡ ಕೊರೆದು 1.3 ಕಿಲೋಮೀಟರಿನ ಪಾರ್ಸಿಕ್ ಸುರಂಗ ತೆರೆಯಿತು. ಬಹುಕಾಲ ಫಾಸ್ಟ್ ಗಾಡಿಗಳು ಸುರಂಗದಲ್ಲಿ ನುಗ್ಗಿ ಹೋಗುತ್ತಿದ್ದವು. ಸ್ಲೋ ಗಾಡಿಗಳು ಮಾತ್ರ ಗುಡ್ಡವನ್ನು ಬಳಸಿ ಮುಂಬ್ರಾಕ್ಕೆ ಬರುತ್ತಿದ್ದವು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ದಶಕ ಮುಗಿಯುವುದರೊಳಗೆ ತಂತಿ ಕಲ್ಯಾಣ ದಾಟಿ ಪುಣೆ ಮುಟ್ಟಿತು. ರೈಲಿಗೆಂದೇ ಠಾಕುರ್ಲಿಯಲ್ಲಿ ಚೋಳಾ ಪವರ್‌ಹೌಸ್ ಎದ್ದಿತು. 1500 ವೋಲ್ಟಿನ ಆ ಡಿಸಿ ವ್ಯವಸ್ಥೆಯನ್ನು ಮಧ್ಯ ರೈಲ್ವೆಯ ಮುಖ್ಯ ಲೋಕಲ್ ಮಾರ್ಗದಲ್ಲಿ 25 ಸಾವಿರ ವೋಲ್ಟಿನ ಎಸಿಗೆ ಬದಲಿಸಿ ಮುಗಿಸಿದ್ದು 2015ರಲ್ಲಿ. ಈಗ ಲೋಕಲ್ ಗಾಡಿಯ ಮೋಟಾರ್ ಡಬ್ಬಿಗಳ ಹೊಟ್ಟೆಯ ಕೆಳಗೇ ಒಂದೊಂದು ಟ್ರಾನ್ಸ್‌ಫಾರ್ಮರ್ ನೇತಾಡುತ್ತಿರುತ್ತದೆ. ನಾವು ದಿನಾ ಅದರ ಮೇಲೆ ನಿಂತು ಕಚೇರಿಗೆ ಹೋಗುತ್ತೇವೆ.

ಪಾರ್ಸಿಕ್ ಗುಡ್ಡದ ಆಚೆ ಮಗ್ಗುಲಿನ ಠಾಣೆ-ಬೇಲಾಪುರ ರಸ್ತೆಯಂತೂ ಟ್ರಾನ್ಸ್‌ಫಾರ್ಮರಿನ ಬೀದಿಯೇ. ಐರೋಲಿಯಲ್ಲಿ ಭಾರತ್ ಬಿಜಲಿ, ಕಳವಾದಲ್ಲಿ ಸೀಮೆನ್ಸ್, ರಬಾಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಅಪಾರ್. ಇವುಗಳ ಸುತ್ತ ಎಂಐಡಿಸಿಯ ಸಣ್ಣ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡುಗಳು. ಹೋಟೆಲಿನಲ್ಲಿ ದುಡಿಯಲು ಬಂದ ಕರಾವಳಿಯವರ ಕತೆ ಮುಂಬಯಿ ಕನ್ನಡಿಗರಲ್ಲಿ ಎಲ್ಲರಿಗೂ ಗೊತ್ತು. ವೆಲ್ಡರು, ಫಿಟ್ಟರು, ಟರ್ನರು ಆಗಿ ಬಂದು ಡೊಂಬಿವಲಿ, ಕಲ್ಯಾಣ, ಕಳವಾಗಳಲ್ಲಿ ನೆಲೆಸಿದವರ ಕತೆ ಬರೆದವರು ಕಡಿಮೆ.

ಅಂಥವರೊಬ್ಬರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಗದಗದ ಕಡೆಯವರು, ವಯಸ್ಸು ಎಪ್ಪತ್ತು ದಾಟಿದೆ. ನಾವೆಲ್ಲ ಕಾಕಾ ಎನ್ನುತ್ತೇವೆ. ಆ ರಸ್ತೆಯ ಶೆಡ್ಡೊಂದರಲ್ಲಿ ಮೂವತ್ತು ವರ್ಷ ಟ್ಯಾಂಕಿಗೆ ಕೊಳವೆ ಬೆಸೆದವರು. ಮೂರು ಕೊಟೇಶನ್ ಹಿಡಿದು ಅವರ ಮನೆಗೆ ಹೋದೆ.

"ಏನ್ ತಮ್ಮಾ, ಎಂಟೆಕ್ ಓದಿ ನನ್ನ ಕೇಳಾಕ ಬಂದೀಯಲ್ಲ" ಎಂದು ನಕ್ಕು ಚಹಾ ತರಿಸಿದರು. ಆಮೇಲೆ ಹೇಳತೊಡಗಿದರು. ಒಂದು ಟ್ಯಾಂಕಿಗೆ ನೂರಾರು ಕೊಳವೆ. ಒಂದು ಕೊಳವೆಗೆ ಎರಡು ತುದಿ. ತುದಿಯ ಸುತ್ತ ಒಂದು ಸಾಸಿವೆಯಷ್ಟು ತೂತು ಉಳಿದರೂ ಎಣ್ಣೆ ಹೊರಗೆ. ಬೆಸುಗೆಯ ಒಂದು ಮಗ್ಗುಲಿಗೆ ಸುಣ್ಣದ ಪುಡಿ ಬಳಿದು ಇನ್ನೊಂದು ಮಗ್ಗುಲಿಗೆ ಸೀಮೆಎಣ್ಣೆ ಸವರುತ್ತಿದ್ದರಂತೆ. ಸುಣ್ಣದ ಮೇಲೆ ಒದ್ದೆಯ ಚುಕ್ಕೆ ಕಂಡಲ್ಲಿ ಮತ್ತೆ ಬೆಸುಗೆ. "ಒಂದು ಚುಕ್ಕಿ ಕಂಡ್ರ ಮೇಸ್ತ್ರಿ ಊಟಕ್ಕ ಬಿಡ್ತಿರಲಿಲ್ಲ."

ನಿರಿಗೆ ತಗಡಿನ ಕೊಟೇಶನ್ ತೋರಿಸಿದಾಗ ಅವರ ಮುಖ ಸ್ವಲ್ಪ ಸಣ್ಣಗಾಯಿತು. ಈ ಗೋಡೆಯನ್ನು ಮಾಡುವುದು ಯಂತ್ರ. ಸುರುಳಿಯಿಂದ ಬಿಚ್ಚಿದ, ಒಂದೂಕಾಲು ಮಿಲಿಮೀಟರ್ ಆಸುಪಾಸಿನ ತೆಳು ಉಕ್ಕಿನ ಹಾಳೆಯನ್ನು ಅದು ಎಳೆದುಕೊಂಡು ಒಂದರ ಪಕ್ಕ ಒಂದು ಆಳವಾದ ಮಡಿಕೆ ಹಾಕುತ್ತ ಹೋಗುತ್ತದೆ. ಮಡಿಕೆಗಳ ಮೇಲಿನ, ಕೆಳಗಿನ ತುದಿಗಳನ್ನು ಬೆಸೆದು ಮುಚ್ಚುತ್ತದೆ. ನೂರು ಕೊಳವೆಗಳ ಕೆಲಸ ಅಲ್ಲಿಗೆ ಮುಗಿಯಿತು. "ಆ ಮಷೀನ್ ಬಂದ ವರ್ಷನ ನಮ್ಮ ಶೆಡ್ಡಿನ್ಯಾಗ ಹನ್ನೆರಡು ಮಂದಿ ಮನೀಗೆ ಹೋದ್ರು" ಎಂದರು ಕಾಕಾ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಒಂದು ಮಾತು ಖರೆ ಹೇಳ್ತೀನಿ. ಅದು ಉಸಿರಾಡ್ತದ. ಹಾರ್ಮೋನಿಯಂ ತಿದಿ ಇದ್ಧಂಗ" ಎಂದರು.

ನಿರಿಗೆಯ ಮೂರನೇ ಕೆಲಸ ಇದೇ. ಇದಕ್ಕಾಗಿಯೇ ಅದು ಮತ್ತೆ ಹುಟ್ಟಿಬಂತು.

ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ ಸಾವಿರ ಲೀಟರಿಗೆ ಮುಕ್ಕಾಲು ಲೀಟರಿನಷ್ಟು. ನಮ್ಮಂಥ ಟ್ರಾನ್ಸ್‌ಫಾರ್ಮರಿನಲ್ಲಿ 600 ಲೀಟರ್ ಎಣ್ಣೆ ಇದೆ ಎಂದುಕೊಳ್ಳಿ. ಜನವರಿಯ ಮುಂಜಾವಿನ 20 ಡಿಗ್ರಿಯಿಂದ ಮೇ ತಿಂಗಳ ರಾತ್ರಿ ಎಲ್ಲರ ಏಸಿ ಓಡುವಾಗಿನ 90 ಡಿಗ್ರಿಗೆ ಹೋದರೆ ಸುಮಾರು 30 ಲೀಟರ್ ಹೆಚ್ಚುತ್ತದೆ. ಅಂದರೆ ಒಂದೂವರೆ ನೀರಿನ ಕ್ಯಾನ್. ಸಾದಾ ಟ್ಯಾಂಕಿನಲ್ಲಿ ಇದಕ್ಕೆ ಜಾಗ ಕೊಡಲು ಮೇಲೊಂದು ಡ್ರಮ್ಮು ಇಡುತ್ತಾರೆ. ಕನ್ಸರ್ವೇಟರ್ ಎಂದು ಅದರ ಹೆಸರು. ಎಣ್ಣೆ ಹಿಗ್ಗಿದಾಗ ಡ್ರಮ್ಮಿನ ಗಾಳಿ ಹೊರಗೆ ಹೋಗುತ್ತದೆ. ತಣ್ಣಗಾದಾಗ ಹೊರಗಿನ ಗಾಳಿ ಒಳಗೆ ಬರುತ್ತದೆ. ಒಳಬರುವ ಗಾಳಿಯ ತೇವವನ್ನು ಸಿಲಿಕಾ ಜೆಲ್ ಹೀರಿಕೊಳ್ಳಬೇಕು. ಅದು ತೋಯ್ದು ಗುಲಾಬಿಯಾದ ಮೇಲೆ ತೇವ ನೇರ ಎಣ್ಣೆಗೆ ಇಳಿಯುತ್ತದೆ. ಎಣ್ಣೆಯಿಂದ ಸುರುಳಿಯ ಮೇಲೆ ಸುತ್ತಿದ ಕಾಗದಕ್ಕೆ. ಒಣ ಹವೆಯ ವಿಜಯಪುರದಲ್ಲಿ ಒಂದು ಹಿಡಿ ಜೆಲ್ ಎಷ್ಟೋ ಕಾಲ ಬಂದೀತು. ಖಾಡಿಯ ದಂಡೆಯ ಮುಂಬ್ರಾದಲ್ಲಿ ಜೂನ್ ತಿಂಗಳ ಗಾಳಿಯೇ ಅರ್ಧ ನೀರು.

ಯುರೋಪಿನ ಎಂಜಿನಿಯರುಗಳು 1960-70ರ ದಶಕಗಳಲ್ಲಿ ಈ ಉಸಿರಾಟವನ್ನೇ ನಿಲ್ಲಿಸುವ ದಾರಿ ಹಿಡಿದರು. ಟ್ಯಾಂಕಿನ ತುಂಬ ಎಣ್ಣೆ ಹಾಕಿ, ಗಾಳಿಗೆ ಎಡೆಯೇ ಇಲ್ಲದಂತೆ ಮುಚ್ಚಿಬಿಡುವುದು. ಹಾಗಾದರೆ ಆ 30 ಲೀಟರ್ ಎಲ್ಲಿಗೆ ಹೋಗಬೇಕು? ಹಿಂದೆ ಬಿಸಿ ಕಳೆಯಲೆಂದು ತಂದು ಕೈಬಿಟ್ಟಿದ್ದ ನಿರಿಗೆಯ ಗೋಡೆ ಆಗ ನೆರವಿಗೆ ಬಂತು. ಪತ್ರಾ ತಗಡನ್ನು ಮಡಿಕೆಯ ಉದ್ದಕ್ಕೆ ಬಗ್ಗಿಸಲು ಹೋದರೆ ಬಗ್ಗುವುದಿಲ್ಲ. ಅಡ್ಡಕ್ಕೆ ಒತ್ತಿದರೆ ಸುಲಭವಾಗಿ ಬಾಗುತ್ತದೆ. ಎಣ್ಣೆ ಹಿಗ್ಗಿದಾಗ ಪ್ರತಿ ಮಡಿಕೆಯ ಎರಡೂ ಹಾಳೆಗಳು ಸ್ವಲ್ಪ ಹೊರಗೆ ಉಬ್ಬುತ್ತವೆ, ತಣಿದಾಗ ಒಳಗೆ ಬರುತ್ತವೆ. ಎಂಬತ್ತು ಮಡಿಕೆಗಳ ಈ ಸಣ್ಣ ಸಣ್ಣ ಉಬ್ಬು ಸೇರಿ 30 ಲೀಟರಿಗೆ ಜಾಗವಾಗುತ್ತದೆ. ಹೊರಗಿನ ಗಾಳಿ ಒಂದು ಗುಟುಕೂ ಒಳಗೆ ಬರುವುದಿಲ್ಲ. ಡ್ರಮ್ಮು ಬೇಡ, ಬ್ರೀದರ್ ಬೇಡ, ನೀಲಿ ಹರಳೂ ಬೇಡ. "ಮುಂದಿನ ಮೀಟಿಂಗಿನಲ್ಲಿ ನೋಡೋಣ" ಎನ್ನುವ ನನ್ನಂಥವರು ಇರುವ ಸೊಸೈಟಿಗೆ ಇದು ಹೇಳಿ ಮಾಡಿಸಿದಂತಿತ್ತು.

ನಮ್ಮ ದೇಶದಲ್ಲಿ ಇದು ಬಳಕೆಗೆ ಬಂದದ್ದು ತಡವಾಗಿ. ಸ್ವಾತಂತ್ರ್ಯಾನಂತರ ಹಳ್ಳಿಹಳ್ಳಿಗೆ ವಿದ್ಯುತ್ತು ಕೊಡುವ ಭರದಲ್ಲಿ ಬೇಕಾಗಿದ್ದು ಎಲ್ಲಿ ಬೇಕಾದರೂ ಬಿಚ್ಚಿ, ಸುತ್ತಿ, ಮತ್ತೆ ಕಂಬಕ್ಕೇರಿಸಬಹುದಾದ ಯಂತ್ರ. ದಪ್ಪ ತಗಡು, ಕೊಳವೆ, ಬೋಲ್ಟು ಹಾಕಿದ ಮುಚ್ಚಳ ಅದಕ್ಕೆ ಸರಿಯಾಗಿತ್ತು. ಆಮೇಲೆ ಕೊಳವೆಯ ಜಾಗಕ್ಕೆ ಒತ್ತು ತಗಡಿನ ರೇಡಿಯೇಟರ್ ಬಂತು. ವಿತರಣಾ ಟ್ರಾನ್ಸ್‌ಫಾರ್ಮರುಗಳ ಭಾರತೀಯ ಮಾನಕ ಐಎಸ್ 1180ರ 2014ರ ಆವೃತ್ತಿಯಲ್ಲಿ ನಿರಿಗೆ ಟ್ಯಾಂಕಿಗೂ ಅವಕಾಶವಿದೆ.

ಹಾಗಾದರೆ ನಿರಿಗೆಯದನ್ನೇ ತರಿಸಿಬಿಡಬೇಕೆ? ಕಮಿಟಿಗೆ ಉತ್ತರ ಕೊಡುವ ಮೊದಲು ಹಳೆಯ ಸಾಹ್ನಿ ಪುಸ್ತಕದ ಲೆಕ್ಕ ನೆನಪು ಮಾಡಿಕೊಂಡೆ. ದೇಶದ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಲ್ಲಿ ಅದನ್ನು ಹೊತ್ತು ತಿರುಗದವರು ಕಡಿಮೆ. ಸಾದಾ ಗೋಡೆಯ ಒಂದು ಚದರ ಮೀಟರು, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 12.5 ವಾಟ್ ಬಿಸಿ ಕಳೆಯುತ್ತದೆ. ಇದರಲ್ಲಿ 6 ವಾಟ್ ವಿಕಿರಣದಿಂದ, 6.5 ವಾಟ್ ಗಾಳಿಯ ಚಲನೆಯಿಂದ. ನಮ್ಮ ಟ್ಯಾಂಕಿನ ನಾಲ್ಕು ಗೋಡೆ ಸೇರಿ 4 ಚದರ ಮೀಟರ್. ಸುತ್ತಣ ಗಾಳಿಗಿಂತ 40 ಡಿಗ್ರಿ ಹೆಚ್ಚು ಬಿಸಿ ಎಂದರೆ 2,000 ವಾಟ್ ಹೋಯಿತು. ಆದರೆ ಪೂರ್ಣ ಭಾರದಲ್ಲಿ ಒಳಗೆ ಹುಟ್ಟುವ ಬಿಸಿ ಸುಮಾರು 4,500 ವಾಟ್. ಉಳಿದ 2,500ನ್ನು ಮಡಿಕೆಗಳು ಕಳೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಎದುರುಬದುರು ನಿಂತ ಮಡಿಕೆಗಳು ತಮ್ಮ ವಿಕಿರಣವನ್ನು ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ, ಅದು ಹೊರಗೆ ಹೋಗುವುದಿಲ್ಲ. ಹಾಗಾಗಿ ಅಲ್ಲಿ 6.5 ಮಾತ್ರ ಲೆಕ್ಕಕ್ಕೆ. ಸುಮಾರು 10 ಚದರ ಮೀಟರ್ ಹೆಚ್ಚುವರಿ ಹೊರಮೈ ಬೇಕಾಗುತ್ತದೆ. ಒಂದು ಮೀಟರ್ ಎತ್ತರ, 20 ಸೆಂಟಿಮೀಟರ್ ಆಳದ ಮಡಿಕೆಯೊಂದಕ್ಕೆ ಎರಡು ಮಗ್ಗುಲು ಸೇರಿ 0.4 ಚದರ ಮೀಟರ್. ಇಪ್ಪತ್ತೈದು ಮಡಿಕೆ ಸಾಕು. ಗೋಡೆಯಲ್ಲಿ ಎಂಬತ್ತಕ್ಕೆ ಜಾಗವಿದೆ. ಇದು ಸ್ಥೂಲ ಲೆಕ್ಕ, ಕಾರ್ಖಾನೆಯವರದು ಇದಕ್ಕಿಂತ ನಯವಾದದ್ದು. ಆದರೆ ಎಲ್ಲ ಎಂಬತ್ತನ್ನೂ ಒತ್ತೊತ್ತಾಗಿ ಹಾಕಿ ಗೋಡೆಗೆ ಒರಗಿಸಿಟ್ಟರೆ ನಡುವೆ ಗಾಳಿ ಮೇಲೇರುವುದಿಲ್ಲ ಎಂಬುದು ಇದರಿಂದ ಹೊಳೆಯಿತು.

ಬಿಸಿಯ ಲೆಕ್ಕ ಯಾಕೆ ಮುಖ್ಯ ಎಂದರೆ, 1930ರಲ್ಲೇ ಜನರಲ್ ಎಲೆಕ್ಟ್ರಿಕ್‌ನ ಮಾಂಟ್‌ಸಿಂಗರ್ ತೋರಿಸಿದಂತೆ, ಸುರುಳಿಯ ತಾಪ ಎಂಟು ಡಿಗ್ರಿ ಏರಿದಾಗಲೆಲ್ಲ ಅದರ ಕಾಗದದ ಆಯುಷ್ಯ ಅರ್ಧವಾಗುತ್ತದೆ. ಮೇ ತಿಂಗಳ ಮುಂಬ್ರಾದಲ್ಲಿ ಎಂಟು ಡಿಗ್ರಿ ಎಂದರೆ ಜುಜುಬಿ.

ನಿರಿಗೆಯ ದೋಷಗಳೂ ಇವೆ. ಕಾಕಾ ಅದನ್ನು ಬೆರಳು ಮಡಿಸಿ ಎಣಿಸಿದರು. ತಗಡು ತೆಳು, ಹುಡುಗರ ಕ್ರಿಕೆಟ್ ಚೆಂಡು, ಹಿಂದೆ ಸರಿಯುವ ಟೆಂಪೊ ಎರಡೂ ಅದಕ್ಕೆ ಶತ್ರು. ಮಡಿಕೆಯ ಒಳಮೂಲೆಗೆ ಸಿಂಪಡಿಸಿದ ಬಣ್ಣ ಮುಟ್ಟುವುದಿಲ್ಲ; ಖಾಡಿಯ ಉಪ್ಪುಗಾಳಿ ಅಲ್ಲಿಂದಲೇ ತಿನ್ನಲು ಶುರುಮಾಡುತ್ತದೆ. ಒಂದು ದಿನಕ್ಕೊಂದು ಉಸಿರೆಂದರೂ 25 ವರ್ಷಕ್ಕೆ ಒಂಬತ್ತು ಸಾವಿರ ಸಲ ತಗಡು ಬಾಗಿ ಏಳುತ್ತದೆ. ಬೆಸುಗೆ ಕೆಟ್ಟದಾಗಿದ್ದರೆ ಅಲ್ಲೇ ಸೀಳುತ್ತದೆ. ಸಾದಾ ಟ್ಯಾಂಕಿನಂತೆ ಒಳಗಿನ ಗಾಳಿ ಹೀರಿ ಪರೀಕ್ಷೆ ಮಾಡಲು ಬರುವುದಿಲ್ಲ. "ಎಲ್ಲಾಕಿಂತ ದೊಡ್ಡದು ಏನಂದ್ರ, ಇದು ಸೋರಿದ್ರ ನಮ್ಮಂಥವ್ರು ಬಂದು ಬೆಸಿಗಿ ಹಾಕಿ ಹೋಗಾಕ ಬರಂಗಿಲ್ಲ. ಒಂದು ತೂತು ಮುಚ್ಚಾಕ ಹೋಗಿ ನಾಲ್ಕು ಮಾಡ್ತೀರಿ." ಮುಚ್ಚಿದ ಟ್ಯಾಂಕನ್ನು ಪದೇಪದೇ ತೆರೆಯುವ ಊರಿಗೆ, ಭಾರ ಮೀರಿ ಸುಟ್ಟು ವರ್ಷಕ್ಕೊಮ್ಮೆ ರಿಪೇರಿಗೆ ಹೋಗುವ ಜಾಗಕ್ಕೆ ಹಳೆಯ ರೇಡಿಯೇಟರೇ ಒಳ್ಳೆಯದು ಎಂಬುದು ಅವರ ಮತ. ಅದು ಹೊಟ್ಟೆಕಿಚ್ಚಿನ ಮಾತಲ್ಲ ಎಂದು ಓದಿದ ಮೇಲೆ ನನಗೂ ಅನ್ನಿಸಿತು. ನಮ್ಮ ವಿದ್ಯುತ್ ಮಂಡಳಿಗಳು ದಶಕಗಳ ಕಾಲ ದಪ್ಪ ಟ್ಯಾಂಕಿಗೆ ಅಂಟಿಕೊಂಡದ್ದು ಬರೀ ಹಳೆಯ ಚಾಳಿಯಿಂದಲ್ಲ.

ಆಗ ನನಗೆ ಕೊಟೇಶನ್ನುಗಳನ್ನು ಓದುವ ಬಗೆ ತಿಳಿಯಿತು. ಮೂರೂ ಒಂದೇ ಪ್ರಶ್ನೆಗೆ ಮೂರು ಬೆಲೆ ಎಂದು ಕಮಿಟಿ ಅಂದುಕೊಂಡಿತ್ತು. ಚರಿತ್ರೆ ನೋಡಿದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ಕೆಟ್ಟರೆ ಬಿಚ್ಚಿ ಕಟ್ಟುವುದು ಹೇಗೆ ಎಂಬುದಕ್ಕೆ ದಪ್ಪ ತಗಡಿನ ಟ್ಯಾಂಕು. ತೇವ ಒಳಗೆ ಬಾರದಂತೆ ಹೇಗೆ ಎಂಬುದಕ್ಕೆ ನಿರಿಗೆಯ ಟ್ಯಾಂಕು. ನಮ್ಮ ಊರು, ನಮ್ಮ ಗಾಳಿ, ನಮ್ಮ ಸೋಮಾರಿತನ ಯಾವ ಪ್ರಶ್ನೆ ಕೇಳುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೆಲೆ ಆಮೇಲಿನ ಮಾತು.

ಭಾನುವಾರದ ಮೀಟಿಂಗಿನಲ್ಲಿ ಇದನ್ನೆಲ್ಲ ಹಿಂದಿ, ಮರಾಠಿ ಬೆರೆಸಿ ಹೇಳಿದೆ. ಮೇ ತಿಂಗಳಲ್ಲಿ ಗುಲಾಬಿ ಹರಳು ನೋಡಿಯೂ ಸುಮ್ಮನಿದ್ದದ್ದನ್ನೂ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಅಜ್ಜಿಯ ಮಗ ಎದುರು ಸಾಲಿನಲ್ಲೇ ಕೂತಿದ್ದರು. ನಿರಿಗೆಯ ಟ್ಯಾಂಕು ಎಂದು ತೀರ್ಮಾನವಾಯಿತು, ಆದರೆ ಕೆಲವು ಷರತ್ತುಗಳ ಮೇಲೆ. ಮಡಿಕೆಯ ಒಳಮೂಲೆಗೂ ಮುಟ್ಟುವಂತೆ ಬಣ್ಣವನ್ನು ಸುರಿದು ಹಚ್ಚಬೇಕು, ಸಿಂಪಡಿಸಿದ್ದು ನಡೆಯುವುದಿಲ್ಲ. ಸುತ್ತ ಗೋಡೆಯಿಂದ ದೂರವಿರಬೇಕು, ಕಬ್ಬಿಣದ ಜಾಲರಿ ಬೇಕು. ಎಣ್ಣೆಯ ತಾಪ ಮೀರಿದರೆ ತಾನೇ ಸಂಪರ್ಕ ಕಡಿಯುವ ಥರ್ಮಾಮೀಟರ್ ಮತ್ತು ಒತ್ತಡ ಮೀರಿದರೆ ತೆರೆಯುವ ಕವಾಟ ಇರಬೇಕು. ಪೀಠ ಎತ್ತರಿಸಬೇಕು. ಈ ಕೊನೆಯದಕ್ಕೆ ಯಾರೂ ವಾದ ಮಾಡಲಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು, ಠಾಣೆ-ಕಲ್ಯಾಣದವರೆಗೆ ನೀರು ನಿಂತದ್ದು ಎಲ್ಲರಿಗೂ ನೆನಪಿದೆ.

ಸಾಮಾನು ಕಳಿಸುವ ಮೊದಲು ಕಾರ್ಖಾನೆಗೆ ಪರೀಕ್ಷೆ ನೋಡಲು ಹೋಗುವಾಗ ಕಾಕಾರನ್ನೂ ಕರೆದುಕೊಂಡು ಹೋದೆ. ಟ್ಯಾಂಕಿಗೆ ಒತ್ತಡ ಕೊಟ್ಟು ನಿಲ್ಲಿಸಿದ್ದರು. ಅಲ್ಲಿನ ಎಂಜಿನಿಯರ್ ಹುಡುಗ ಲ್ಯಾಪ್‌ಟಾಪಿನಲ್ಲಿ ಅಂಕಿ ತೋರಿಸುತ್ತಿದ್ದ. ಕಾಕಾ ಅತ್ತ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಒಂದೊಂದೇ ಮಡಿಕೆಯ ಕೆಳತುದಿಯ ಬೆಸುಗೆಯ ಮೇಲೆ ಹೆಬ್ಬೆರಳಾಡಿಸುತ್ತ ಟ್ಯಾಂಕಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಮಗ್ಗುಲಿನಲ್ಲಿ ಒಂದು ಕಡೆ ನಿಂತು, ಕಿಸೆಯಿಂದ ಸುಣ್ಣದ ಕಡ್ಡಿ ತೆಗೆದು ಗುರುತು ಮಾಡಿದರು. "ಇಲ್ಲಿ ಒಮ್ಮೆ ನೋಡ್ರಿ."

ಹುಡುಗ ಸಾಬೂನು ನೀರು ಹಚ್ಚಿದ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಸಣ್ಣ ಗುಳ್ಳೆ ಎದ್ದಿತು. ಟ್ಯಾಂಕು ವಾಪಸ್ ಹೋಗಿ, ಒಂದು ವಾರ ತಡವಾಗಿ, ಸರಿಯಾಗಿ ಬಂತು. ಈ ಎರಡು ಮಳೆಗಾಲವೂ ಅದು ನಮ್ಮ ಗೇಟಿನ ಪಕ್ಕದಲ್ಲಿ ನಿಂತಿದೆ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಥರ್ಮಾಮೀಟರ್ ಓದಿ, ಮಡಿಕೆಗಳ ಕೆಳಗೆ ಕೈಯಾಡಿಸಿ ಎಣ್ಣೆಯ ಪಸೆ ಇದೆಯೇ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ.